ತಿವರಬೇಟದ ನೀರಿನ ಮಾಪಣ್ಣ

ಠಾಣೆ ಕಡೆಯ ಬೇಲಾಪುರದಲ್ಲಿ, ದೋಣಿಗಳು ನಿಲ್ಲುವ ಧಕ್ಕೆಯ ಪಕ್ಕದ ನಲ್ಲಿಗೆ ನೀರು ಬರುವುದು ಬೆಳಕು ಹರಿಯುವ ಮೊದಲು. ನಲ್ಲಿ ಮೊದಲು ಕೆಮ್ಮುತ್ತದೆ, ಆಮೇಲೆ ಗಾಳಿ ಬಿಡುತ್ತದೆ, ಕೊನೆಗೆ ತುಕ್ಕುಬಣ್ಣದ ನೀರು, ಅದರ ಬೆನ್ನಿಗೆ ಒಳ್ಳೆಯ ನೀರು. ಅಷ್ಟರಲ್ಲಿ ಮಾಪಣ್ಣ ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ಸಿದ್ಧರಾಗಿರುತ್ತಾರೆ. ಕೆಲವು ಹಿತ್ತಾಳೆಯವು, ಹೆಚ್ಚಿನವು ಅಲ್ಯುಮಿನಿಯಮ್ಮಿನವು. ಪ್ರತಿ ಕೊಡದ ಕಂಠಕ್ಕೆ ಒಂದೊಂದು ಬಣ್ಣದ ಬಟ್ಟೆಯ ಚೂರು ಕಟ್ಟಿದೆ. ಯಾರ ಮನೆಯ ಕೊಡ ಎನ್ನುವುದು ಅದರಿಂದ ಗೊತ್ತಾಗುತ್ತದೆ. ಅವರು ಒಂದೊಂದನ್ನೂ ಬಾಗಿಸಿ, ಒಳಗೆ ಕೈ ಹಾಕಿ ತಳ ಸವರಿ ನೋಡುತ್ತಾರೆ. ಆಮೇಲೆ ಒಂದು ತಂಬಿಗೆ ನೀರು ಹಾಕಿ ಗಲಗಲ ಆಡಿಸಿ, ಪಕ್ಕದ ನುಗ್ಗೆ ಗಿಡದ ಬುಡಕ್ಕೆ ಚೆಲ್ಲುತ್ತಾರೆ. ಚೆಲ್ಲುವಾಗ ಅವರ ಮುಖ ತುಸು ಕಿವುಚಿಕೊಳ್ಳುತ್ತದೆ.

"ನೀರು ಚೆಲ್ಲೂದು ಕಲೀಲಾಕ ನನಗ ಒಂದು ವರ್ಷ ಹಿಡೀತ್ರಿ," ಎನ್ನುತ್ತಾರೆ. "ಈಗೂ ಮನಸ್ಸು ಒಪ್ಪಂಗಿಲ್ಲ. ಆದ್ರ ಚೆಲ್ಲಲೇಬೇಕು. ಯಾಕಂತ ಆಮ್ಯಾಲ ಹೇಳ್ತೀನಿ."

ಎದುರಿಗಿರುವುದು ಖಾಡಿ. ಸಮುದ್ರ ಒಳನಾಡಿಗೆ ಚಾಚಿದ ಉಪ್ಪುನೀರಿನ ತೋಳಿಗೆ ಇಲ್ಲಿಯವರು ಕೊಟ್ಟ ಹೆಸರು ಅದು. ಖಾಡಿಯ ನಡುವೆ, ದೋಣಿಯಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ, ತಿವರಬೇಟ ಎಂಬ ಪುಟ್ಟ ದ್ವೀಪ; ಬೇಟ ಎಂದರೆ ಇಲ್ಲಿಯವರ ಮಾತಿನಲ್ಲಿ ದ್ವೀಪವೇ. ಉಪ್ಪಿನ ಗದ್ದೆಗಳು, ಅದರಲ್ಲಿ ದುಡಿಯುವ ಆಗ್ರಿ ಎಂಬ ಸಮುದಾಯದ ಇಪ್ಪತ್ತು ಇಪ್ಪತ್ತೈದು ಕುಟುಂಬಗಳು, ಸುತ್ತ ಕೆಸರಿನಲ್ಲಿ ಬೇರೂರಿದ ಕಾಂಡ್ಲಾ ಗಿಡ. ಇರುವುದು ಒಂದೇ ಬಾವಿ. ಮಳೆಗಾಲದಲ್ಲಿ ಅದರ ನೀರು ಸಿಹಿ, ದೀಪಾವಳಿ ಕಳೆಯುತ್ತಲೇ ಉಪ್ಪು. ಅಲ್ಲಿಂದ ಮುಂದಿನ ಮಳೆಯವರೆಗೆ ಆ ಬೇಟದ ಗಂಟಲು ಒದ್ದೆಯಾಗುವುದು ಮಾಪಣ್ಣ ಒಯ್ಯುವ ಕೊಡಗಳಿಂದ.

ಧಕ್ಕೆಯ ಮೇಲೆ ಕಬ್ಬಿಣದ ಪೈಪುಗಳ ರಾಶಿ ಬಿದ್ದಿದೆ. ಆಡುಗಳು ಅದರೊಳಗೆ ಮಲಗುತ್ತವೆ. ಬೇಟಕ್ಕೆ ನಲ್ಲಿ ನೀರು ಕೊಡಲು ತಂದ ಪೈಪುಗಳಿವು; ಈ ಮಳೆಗಾಲ ಮುಗಿದ ಕೂಡಲೇ ಕೆಲಸ ಶುರುವಾಗುತ್ತದಂತೆ. ಪೈಪು ಆಚೆ ದಡ ಮುಟ್ಟಿದ ದಿನ ಮಾಪಣ್ಣನವರ ಕೆಲಸ ಹೋಗುತ್ತದೆ. ಉಪ್ಪಿನ ಗದ್ದೆಯ ಮೇಲ್ವಿಚಾರಕನಾದ ಮುಕಾದಮ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದಾನೆ. ಲೆಕ್ಕಕ್ಕೆ ಈ ಎಂಬತ್ತಾರರ ಬೇಸಿಗೆಯೇ ಅವರ ಕೊನೆಯ ಬೇಸಿಗೆ.

ನನಗೆ ಮಾಪಣ್ಣನವರ ವಿಷಯ ಹೇಳಿದವರು ಕುಶಲ. ಉಡುಪಿ ಕಡೆಯವರು. ಹೊಸ ಕಚೇರಿ ಕಟ್ಟಡಗಳ ಎದುರು ಚಿಕ್ಕ ಹೋಟೆಲು ಇಟ್ಟುಕೊಂಡಿದ್ದಾರೆ. ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ಬಸ್ಸು ಹಿಡಿದು ಇಲ್ಲಿಗೆ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಏರುತ್ತಾನಾದ್ದರಿಂದ, ಹಿಂದಿನ ಸಂಜೆಯೇ ಬಂದು ಅವರ ಹೋಟೆಲಿನ ಬೆಂಚಿನ ಮೇಲೆ ಮಲಗಿದ್ದೆ. "ನೀವು ಪೇಪರಿನವರು ಯಾವಾಗ ನೋಡಿದ್ರೂ ಸನ್ಮಾನ ಆದವರ ಬಗ್ಗೆಯೇ ಬರೆಯುದು ಮಾರಾಯ್ರೆ," ಎಂದು ಅವರು ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದರು. "ಇವ ದಿನಾ ದ್ವೀಪಕ್ಕೆ ಹೋಗಿ ಬರ್ತಾನೆ. ಹೋಗುವಾಗ ನೀರು, ಬರುವಾಗ ಉಪ್ಪು. ನನ್ನ ಸಾಂಬಾರಿಗೆ ಬೀಳುದು ಅದೇ ಉಪ್ಪು, ಗೊತ್ತುಂಟಾ?"

ನಮ್ಮ ಡೊಂಬಿವಲಿಯ ಕಡೆ ದ್ವೀಪಕ್ಕೆ ಹೋಗುವುದೆಂದರೆ ರಜೆಯ ದಿನ ಘಾರಾಪುರಿಗೆ ಹೋಗಿ, ಗುಹೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಮೂಗು ಸುಟ್ಟುಕೊಂಡು ಬರುವುದು. ಇನ್ನು ಸ್ವಲ್ಪ ಅನುಕೂಲ ಇದ್ದವರು ಅಂಡಮಾನಿಗೆ ಹೋಗಿ ಬಂದು, ಮನಸ್ಸು ಹಗುರವಾಯಿತು, ಬದುಕಿನಲ್ಲಿ ನಮಗೆ ಎಷ್ಟೊಂದಿದೆ ಎಂದು ಗೊತ್ತಾಯಿತು ಎಂದು ಮೂರು ತಿಂಗಳು ಹೇಳುತ್ತಾರೆ. ನಾಲ್ಕನೆಯ ತಿಂಗಳು ಲೋಕಲ್ ಗಾಡಿಯ ಕಿಟಕಿ ಸೀಟಿಗೆ ಜಗಳ ಕಾಯುತ್ತಾರೆ. ಮಾಪಣ್ಣ ಆರು ವರ್ಷಗಳಿಂದ ದ್ವೀಪಕ್ಕೆ ಹೋಗಿ ಬರುತ್ತಿದ್ದಾರೆ. ಅವರ ಹತ್ತಿರ ಒಂದು ಫೋಟೋ ಕೂಡ ಇಲ್ಲ.

ಊರು ಗುಲಬರ್ಗಾ ಜಿಲ್ಲೆಯ ಶಹಾಪುರದ ಹತ್ತಿರ. ಎಪ್ಪತ್ತರ ದಶಕದ ಕೊನೆಗೆ ಹೆಂಡತಿ ಶರಣಬಸಮ್ಮನ ಅಣ್ಣನ ಜೊತೆ ಬಂದು ತುರ್ಭೆಯ ಕ್ವಾರಿಯಲ್ಲಿ ಕಲ್ಲು ಒಡೆದರು. ಮೊಣಕಾಲಿನ ಮೇಲೆ ಕಲ್ಲು ಉರುಳಿತು. ಆಮೇಲೆ ಬೇಲಾಪುರದಲ್ಲಿ ಸರ್ಕಾರಿ ಕಟ್ಟಡಗಳು ಏಳತೊಡಗಿದಾಗ ಅಲ್ಲಿ ಗೋಡೆಗೆ ನೀರು ಹೊಡೆಯುವ ಕೆಲಸ. ಅಲ್ಲಿಂದ ಈ ಕೆಲಸಕ್ಕೆ ಬಂದರು. ಬೇಟಕ್ಕೆ ನೀರು ಬೇಡದ ಮಳೆಗಾಲದಲ್ಲಿ ಈಗಲೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಸಿಕ್ಕರೆ. ಕಾಲು ಊದುತ್ತದೆ, ಮೇಸ್ತ್ರಿಗಳು ಬೇಡ ಎನ್ನುತ್ತಾರೆ. ಈ ದೋಣಿಯ ಕೆಲಸ ಹೋದರೆ ಬೇರೆ ದಾರಿ ಅವರಿಗೂ ಕಂಡಿಲ್ಲ, ನನಗೂ ಹೊಳೆಯಲಿಲ್ಲ.

ಕೊಡಗಳು ದೋಣಿ ಏರುತ್ತವೆ. ದೋಣಿ ಮುರಾರಿಯದು, ಹುಟ್ಟು ಹಾಕುವವನೂ ಅವನೇ. ಉಬ್ಬರದ ನೀರು ಇಳಿಯುವುದರೊಳಗೆ ಹೊರಡಬೇಕು; ತಡವಾದರೆ ದೋಣಿ ಕೆಸರಿನಲ್ಲಿ ಕೂತುಬಿಡುತ್ತದೆ. ಹೊರಟ ಕೂಡಲೇ ಮಾಪಣ್ಣ ಎರಡು ಕೊಡಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಕಣ್ಣು ಮುಚ್ಚುತ್ತಾರೆ. ದೇವರ ಧ್ಯಾನವೇ ಎಂದು ಕೇಳಿದೆ. "ಧ್ಯಾನ ಗೀನ ಏನಿಲ್ರಿ, ಅಂಜಿಕಿ," ಎಂದರು. "ನಮ್ಮ ಕಡಿ ಮೊಣಕಾಲ ಮಟ ನೀರು ನೋಡಿದ್ರ ಹಬ್ಬ. ಇಷ್ಟು ನೀರು ನೋಡಿದ್ರ ಎದಿ ಒಡೀತದ. ಈಜು ಬರಂಗಿಲ್ಲ." ಮುರಾರಿ ಹಲ್ಲು ಕಿಸಿಯುತ್ತಾನೆ. ಆರು ವರ್ಷಗಳಲ್ಲಿ ಮಾಪಣ್ಣ ಖಾಡಿಯ ನಡುಭಾಗವನ್ನು ಕಣ್ಣಾರೆ ನೋಡಿಲ್ಲ ಎಂದು ಅವನ ಆರೋಪ.

ತಿವರಬೇಟದಲ್ಲಿ ಇಳಿದರೆ ಮೊದಲು ಕಣ್ಣಿಗೆ ಹೊಡೆಯುವುದು ಬಿಳುಪು. ಗದ್ದೆಗಳ ಬದುವಿನುದ್ದಕ್ಕೂ ಉಪ್ಪಿನ ಗುಡ್ಡೆಗಳು. ಹೆಂಗಸರು ಬಂದು ತಮ್ಮ ತಮ್ಮ ಕೊಡ ಎತ್ತಿಕೊಳ್ಳುತ್ತಾರೆ. ಎಲ್ಲರಿಗಿಂತ ಹಿರಿಯಳು ಚಾಂಗುಣಾಬಾಯಿ. ಕಾಲಿನ ಚರ್ಮ ಉಪ್ಪಿಗೆ ಬಿರಿದಿದೆ, ನಗು ಮಾತ್ರ ಮುಕ್ಕಾಗಿಲ್ಲ. ಆಕೆ ನನ್ನನ್ನು ಮನೆಯ ಮುಂದೆ ಕೂರಿಸಿ, ಮೊದಲು ಒಂದು ಲೋಟ ನೀರು ಕೊಟ್ಟಳು. ನಾನು ಒಂದೇ ಗುಟುಕಿಗೆ ಕುಡಿದೆ. ಆಮೇಲೆ ಮಾಪಣ್ಣನ ಕಡೆ ಲೋಟ ಚಾಚಿ "ಪಾನಿ ಘೇ ರೇ" ಎಂದಳು, ನೀರು ತಗೊಳ್ಳೋ ಎಂದು. ಮಾಪಣ್ಣ ಕೈ ಅಡ್ಡ ಮಾಡಿದರು. ಅವಳು ನನ್ನ ಕಡೆ ತಿರುಗಿ, "ಯೋ ಆಮಚಾ ಪಾನಿ ಪೀತ ನಾಯ್" ಎಂದು ದೂರಿದಳು. ಇವನು ನಮ್ಮ ನೀರು ಕುಡಿಯುವುದಿಲ್ಲ. ದಿನಾ ಕೇಳುತ್ತಾಳಂತೆ, ದಿನಾ ಇಲ್ಲ ಎನ್ನುತ್ತಾರಂತೆ. ಮನೆಗೆ ಬಂದವರು ನೀರು ಬೇಡ ಎನ್ನುವುದು ಅವಳಿಗೆ ನೋವಿನ ವಿಷಯ ಎಂಬುದು ಆ ಮುಖ ನೋಡಿದರೆ ತಿಳಿಯುತ್ತದೆ.

ವಾಪಸು ಬರುವಾಗ, ಕಣ್ಣು ಮುಚ್ಚಿಕೊಂಡೇ, ಮಾಪಣ್ಣ ಆ ಚೆಲ್ಲುವ ನೀರಿನ ಕಥೆ ಹೇಳಿದರು.

ಅದು ಅವರ ಮೊದಲ ವರ್ಷ. ಬೇಟದಲ್ಲಿ ಹಂಗಾಮಿನ ಮೊದಲ ಉಪ್ಪು ಎತ್ತಿದ ದಿನ. ಅಲ್ಲಿಯ ಹೆಂಗಸರಲ್ಲಿ ಒಂದು ರೂಢಿಯಿದೆ. ಹೊಸ ಉಪ್ಪಿನ ದಿನ ನೀರು ತರುವವನ ಕೈಗೆ ಬರಿಗೊಡ ಕೊಡುವುದಿಲ್ಲ. ಪ್ರತಿ ಮನೆಯವರೂ ತಮ್ಮ ಕೊಡದ ತಳಕ್ಕೆ ಒಂದು ಹಿಡಿ ಉಪ್ಪು ಹಾಕಿ ಕಳಿಸುತ್ತಾರೆ. ಅವನು ಅದನ್ನು ಮನೆಗೆ ಒಯ್ಯಲಿ ಎಂದು. ಹೇಳಿ ಕೊಡುವ ಪದ್ಧತಿಯಿಲ್ಲ, ಅವನಿಗೆ ಗೊತ್ತೇ ಇರುತ್ತದೆ ಎಂದುಕೊಂಡಿದ್ದರು. ಮಾಪಣ್ಣನಿಗೆ ಗೊತ್ತಿರಲಿಲ್ಲ. ಮರುದಿನ ಬೆಳಕಿಲ್ಲದ ಹೊತ್ತಿನಲ್ಲಿ ಕೊಡಗಳನ್ನು ನಲ್ಲಿಗೆ ಹಿಡಿದರು, ತುಂಬಿದರು, ಒಯ್ದರು. ಬೇರೆ ಯಾರಾದರೂ ಆಗಿದ್ದರೆ ಕೊಡವನ್ನು ಒಮ್ಮೆ ತೊಳೆಯುತ್ತಿದ್ದರು.

"ನೀರಿನ ಕೊಡ ನೀರು ಹಾಕಿ ಏನು ತೊಳೀಬೇಕು ಅಂತಿದ್ದೆ ನಾ. ನಮ್ಮ ಊರಾಗ ಒಂದು ಕೊಡಕ್ಕ ಎರಡು ಹರದಾರಿ ನಡದವರು ನಾವು. ತೊಳದು ಚೆಲ್ಲೂದು ಅಂದ್ರ ಪಾಪ ಮಾಡಿದಂಗ."

ಬೇಟದಲ್ಲಿ ಮೊದಲು ಒಂದು ಮಗು ಉಗುಳಿತು. ಆಮೇಲೆ ಎಲ್ಲರೂ ಬಾಯಿಗೆ ಹಾಕಿ ನೋಡಿದರು. ಒಂದು ಮನೆಯದಲ್ಲ, ಅಷ್ಟೂ ಕೊಡಗಳ ನೀರು ಉಪ್ಪು. ತಾವು ಹಾಕಿದ ಹಿಡಿ ಉಪ್ಪು ಯಾರ ನೆನಪಿಗೂ ಬರಲಿಲ್ಲ; ಅದು ನಿನ್ನೆಯೇ ಅವನ ಮನೆ ಸೇರಿತು ಎಂದೇ ಅವರ ಲೆಕ್ಕ. ಇವನು ನಿದ್ದೆಹೋಗಿ ನಲ್ಲಿ ತಪ್ಪಿಸಿಕೊಂಡಿದ್ದಾನೆ, ಖಾಡಿಯ ನೀರು ತುಂಬಿ ತಂದಿದ್ದಾನೆ ಎಂದು ತೀರ್ಮಾನವಾಯಿತು. ಹೆಂಗಸರು ಒಬ್ಬೊಬ್ಬರಾಗಿ ಕೊಡ ಬಗ್ಗಿಸಿ, ಅವರ ಕಣ್ಣೆದುರೇ ನೀರನ್ನು ನೆಲಕ್ಕೆ ಸುರಿದರು. ಮುಕಾದಮ, ನಾಳೆಯಿಂದ ಬೇರೆ ಆಳು ನೋಡುತ್ತೇನೆ ಎಂದ. ಬಿಸಿಲಿನಲ್ಲಿ ಬೇಟ ಇಡೀ ದಿನ ಬಾಯಿ ಒಣಗಿಸಿಕೊಂಡು ದುಡಿಯಿತು.

"ಬೈದದ್ದು ಮರ್ತೀನ್ರಿ. ಅಷ್ಟೂ ನೀರು ಸುರದ ಸಪ್ಪಳ ಮರೀಲಾಕ ಆಗಿಲ್ಲ," ಎನ್ನುವಾಗ ಮಾಪಣ್ಣ ಕಣ್ಣು ತೆರೆದರು. ಖಾಡಿಯ ನಡುಭಾಗ ಅದು. ಮತ್ತೆ ಮುಚ್ಚಿಕೊಂಡರು.

ಅವರನ್ನು ಉಳಿಸಿದ್ದು ತೂತು ಬಿದ್ದ ಒಂದು ಕೊಡ. ಹಿಂದಿನ ದಿನವೇ ಸೋರಿದ್ದರಿಂದ ಆ ಬೆಳಿಗ್ಗೆ ಅದನ್ನು ತುಂಬದೆ, ಬೆಸುಗೆ ಹಾಕಿಸಲು ಗುಡಿಸಲಿನಲ್ಲಿ ಇಟ್ಟಿದ್ದರು. ಸಂಜೆ ಅವರು ಬಂದು ಗೋಡೆಗೆ ಮುಖ ಮಾಡಿ ಕೂತಾಗ ಶರಣಬಸಮ್ಮ ಆ ಕೊಡ ಎತ್ತಿ ಒಳಗೆ ನೋಡಿದರು. ತಳದಲ್ಲಿ ಒಂದು ಹಿಡಿ ಹೊಸ ಉಪ್ಪು, ಒಣಗಿದ್ದು ಒಣಗಿದ ಹಾಗೇ ಇತ್ತು.

ಮಿಕ್ಕದ್ದನ್ನು ಶರಣಬಸಮ್ಮ ತಮ್ಮ ಗುಡಿಸಲಿನ ಮುಂದೆ ಕೂತು ನನಗೆ ಹೇಳಿದರು: "ಖಾಲಿ ಭಾಂಡೆ ತಿರುಗಿ ಕೊಡಬಾರದಂತ ನಮ್ಮ ಕಡೀನೂ ಅದಲ್ಲರೀ? ನಾವು ಜ್ವಾಳ ಹಾಕ್ತೀವಿ, ಬೆಲ್ಲ ಹಾಕ್ತೀವಿ. ಅವರ ಬಲ್ಲಿ ಇರೂದು ಉಪ್ಪು, ಉಪ್ಪು ಹಾಕ್ಯಾರ. ಇವರಿಗೆ ಅಂದೆ, ಇದು ಮರ್ಯಾದಿ ಮಾಡ್ಯಾರ, ನೀ ಅದರ ಮ್ಯಾಲ ನೀರು ಬಿಟ್ಟಿ ಅಂತ. ಗಂಡಸರು ಕೊಡದಾಗ ಇಣುಕಿ ನೋಡಿದ್ದು ಯಾವಾಗರಿ?"

ನೀರು ಕೆಟ್ಟದ್ದು ಹೇಗೆಂದು ಗೊತ್ತಾಯಿತು. ಆದರೆ ಹೇಳುವುದು ಹೇಗೆ? ನಿಮ್ಮ ಉಪ್ಪಿನಿಂದಲೇ ನೀರು ಕೆಟ್ಟಿತು ಎಂದರೆ, ಪ್ರೀತಿಯಿಂದ ಕೊಟ್ಟವರ ಮೇಲೇ ದೂರು ಹೊರಿಸಿದಂತೆ. ಮಾಪಣ್ಣ ಬಾಯಿ ಬಿಡುವುದಿಲ್ಲ ಎಂದು ಹಟ ಹಿಡಿದರು. ಶರಣಬಸಮ್ಮ ಆ ಉಪ್ಪನ್ನು ಕೊಡದಲ್ಲೇ ಬಿಟ್ಟು, ಅದರ ಬಾಯಿಗೆ ಬಟ್ಟೆ ಕಟ್ಟಿ, ಬಟ್ಟೆಯ ಮೇಲೆ ನಾಲ್ಕು ಜೋಳದ ರೊಟ್ಟಿ ಇಟ್ಟು ಕಳಿಸಿದರು. ಕೊಡ ಚಾಂಗುಣಾಬಾಯಿಯದು. ಮರುದಿನ ಮುಕಾದಮನ ಕಣ್ಣು ತಪ್ಪಿಸಿ ಮುರಾರಿಯ ದೋಣಿಯಲ್ಲಿ ಹೋದ ಮಾಪಣ್ಣ, ಅದನ್ನು ಅವಳ ಮುಂದೆ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಅವಳು ರೊಟ್ಟಿ ನೋಡಿದಳು. ಬಟ್ಟೆ ಬಿಚ್ಚಿ ಒಳಗೆ ನೋಡಿದಳು. ತೂತಿಗೆ ಬೆರಳು ಹಾಕಿ ನೋಡಿದಳು. ಆಮೇಲೆ, ಮಿಕ್ಕ ಕೊಡಗಳ ಉಪ್ಪು ಎಲ್ಲಿ ಹೋಯಿತೆಂದು ಹೊಳೆದು, ಹಣೆ ಚಚ್ಚಿಕೊಂಡು, ಇಡೀ ಬೇಟಕ್ಕೆ ಕೇಳುವ ಹಾಗೆ ಕೂಗಿ ಎಲ್ಲರನ್ನೂ ಕರೆದಳು. ಮೊದಲು ಒಬ್ಬಳು ನಕ್ಕಳು, ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ. ಮಾಪಣ್ಣ ಮಾತ್ರ ಅತ್ತರಂತೆ. ಇದನ್ನು ಹೇಳಿದ್ದು ಮುರಾರಿ, ಮಾಪಣ್ಣ ಅಲ್ಲಗಳೆಯಲಿಲ್ಲ. ಬೇರೆ ಆಳಿನ ಮಾತನ್ನು ಮುಕಾದಮ ಮತ್ತೆ ಎತ್ತಲಿಲ್ಲ.

ಅಂದಿನಿಂದ ಉಪ್ಪು ಬರುವುದು ಬೇರೆ ಗಂಟಿನಲ್ಲಿ, ಹೊಸ ಉಪ್ಪಿನ ದಿನ ಮಾತ್ರವಲ್ಲ, ಬೇಕೆಂದಾಗಲೆಲ್ಲ. ಅಂದಿನಿಂದ ಕೊಡ ತೊಳೆದು ನೀರು ಚೆಲ್ಲುವುದೂ ಶುರುವಾಯಿತು. ಹಾಗೆ ಚೆಲ್ಲಿದ ನೀರಿಗೇ ಆ ನುಗ್ಗೆ ಗಿಡ ಎದ್ದು ನಿಂತದ್ದು, ಕೂಲಿಯವರ ಸಾಲು ಗುಡಿಸಲಿಗೆಲ್ಲ ಈಗ ಕಾಯಿ ಕೊಡುತ್ತದೆ. ಶರಣಬಸಮ್ಮನ ಬಾಗಿಲ ಹೊರಗೆ ಒಂದು ಮಡಕೆಯಲ್ಲಿ ಉಪ್ಪು ಯಾವಾಗಲೂ ತುಂಬಿರುತ್ತದೆ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅವರ ನಂಬಿಕೆ. ಆದ್ದರಿಂದ ಕೇಳುವ ಪದ್ಧತಿಯಿಲ್ಲ, ಬಂದವರು ತಾವೇ ತೆಗೆದುಕೊಂಡು ಹೋಗುತ್ತಾರೆ.

"ಊರಾಗ ಇದ್ದಾಗ ಯಾರು ಏನು ಕೇಳಿದ್ರೂ ಇಲ್ಲ ಅನ್ನೂದೇ ರೂಢಿ ಇತ್ರಿ," ಎನ್ನುತ್ತಾರೆ ಮಾಪಣ್ಣ. "ಖರೇನೂ ಏನಿರಲಿಲ್ಲ. ಬೇಟದ ಮಂದಿಗೂ ಏನಿಲ್ಲ, ಕುಡೀಲಾಕ ನೀರಿಲ್ಲ. ಆದ್ರ ಅವರು ಇಲ್ಲ ಅನ್ನಂಗಿಲ್ಲ, ಇದ್ದದ್ದು ಕೊಡ್ತಾರ. ಅದು ನೋಡಿ ನನಗೂ ಅನಸ್ತು, ನಮ್ಮ ಮನ್ಯಾಗೂ ಒಂದು ತುಂಬಿದ ಮಡಿಕಿ ಅದಲ್ಲಾ ಅಂತ."

ನಾವು ಮಾತಾಡುತ್ತಿದ್ದದ್ದು ಆ ಪೈಪುಗಳ ರಾಶಿಯ ಮೇಲೆ ಕೂತು. ಪೈಪು ಬಂದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ. ಗೋಡೆಗೆ ನೀರು ಹೊಡೆಯುವ ಕೆಲಸ ಸಿಗಬಹುದು, ಸಿಗದೆಯೂ ಇರಬಹುದು ಎಂದರು. ಪೈಪು ಬಾರದೇ ಇರಲಿ ಅನ್ನಿಸುವುದಿಲ್ಲವೇ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಹಂಗ್ಯಾಕ ಅನಸ್ತದ್ರಿ? ಬಾಯಿ ಒಣಗಿದ ಮಂದಿ ಅದು." ಆಮೇಲೆ ಪೈಪನ್ನು ಅಂಗೈಯಿಂದ ತಟ್ಟಿದರು. "ಅವರ ಮನ್ಯಾಗ ನಾ ನೀರು ಕುಡಿದಿಲ್ರಿ, ಆರು ವರ್ಷ ಆತು. ಅಳತಿ ಮಾಡಿ ಒಯ್ದ ನೀರು, ಅದರಾಗ ನಾ ಕುಡದ್ರ ಒಂದು ಕೂಸಿಗೆ ಕಮ್ಮಿ. ಆಕಿ ಕೇಳಿದಾಗೊಮ್ಮೆ ಇಲ್ಲ ಅನ್ನೂದು ನನಗ ಸುಖ ಏನು? ಈ ಪೈಪಿನಾಗ ನೀರು ಬಂದ ಮರುದಿನ ನಮ್ಮ ಮನಿಯಾಕಿನ್ನ ಕರಕೊಂಡು, ಕೊಡ ಇಲ್ಲದ, ಖಾಲಿ ಕೈಲೆ ಹೋಗ್ತೀನಿ. ಚಾಂಗುಣಾಬಾಯಿ ಮನಿ ಮುಂದ ಕುಂದರ್ತೀನಿ. ಪಾನಿ ಘೇ ಅಂತಾಳ. ಒಂದಲ್ರಿ, ಎರಡು ಗ್ಲಾಸು ಕೇಳಿ ಕುಡೀತೀನಿ."