ನಾನು ಅಳಿಸಿದ ನಾಲ್ಕು ತಲೆಬರಹಗಳು

ಅದು 1942ನೇ ಇಸವಿ. ನಿಜಾಮ್ ಸರ್ಕಾರದ ಲೆಕ್ಕದಲ್ಲಿ ಫಸಲಿ 1351. ನಾನಾಗ ಶಹಾಬಾದಿನ ಒಂದು ಕಲ್ಲುಗಣಿ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್, ಅಂದರೆ ಗಣಿಗಳ ನಕ್ಷೆ ಬರೆಯುವವನು. ಹೆಸರು ಶರಣಪ್ಪ, ವಯಸ್ಸು ಮೂವತ್ನಾಲ್ಕು, ಊರು ಸೇಡಂ ತಾಲೂಕಿನ ಮುಧೋಳ. ನಿವೃತ್ತಿಯವರೆಗಿನ ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟೋ ನಕ್ಷೆ ಬರೆದಿದ್ದೇನೆ. ಅವು ಯಾವುವೂ ನೆನಪಾಗಿ ಕಾಡುವುದಿಲ್ಲ. ಕಾಡುವುದು ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟ್ ರಿಪೋರ್ಟು. ಆ ರಿಪೋರ್ಟಿನ ನೆಪದಲ್ಲಿ ನಾನೊಂದು ಸೇಡು ತೀರಿಸಿಕೊಂಡೆ. ಮುಚ್ಚಿಡುವುದೇಕೆ? ತೀರಿಸಿಕೊಂಡೆ.

ಸೇಡು ಯಾರ ಮೇಲೆ ಎಂಬುದನ್ನು ಮೊದಲು ಹೇಳಬೇಕು. ನಮ್ಮ ಕಂಪನಿಯ ಓವರ್‌ಸಿಯರ್ ನರಸಿಂಗರಾಯರು. ಆರು ವರ್ಷ ಹಿಂದೆ ಚಿತ್ತಾಪುರದ ಕಡೆಯ ಗಣಿಗಳನ್ನೆಲ್ಲ ಅಳೆದು ನಾನೊಂದು ದೊಡ್ಡ ನಕ್ಷೆ ಮಾಡಿದ್ದೆ. ಇಡೀ ಬೇಸಿಗೆ ಸುಡುಬಂಡೆಯ ಮೇಲೆ ಅಳತೆಯ ಚೈನು ಎಳೆದು ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು. ಆಗ ನಕ್ಷೆಯನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆಯುತ್ತಿದ್ದೆವು. ತಪ್ಪಾದರೆ ಬ್ಲೇಡಿನಿಂದ ಹಗುರವಾಗಿ ಕೆರೆದು ತೆಗೆಯಬಹುದಿತ್ತು. ರಾಯರು ಮೂಲೆಯಲ್ಲಿದ್ದ ನನ್ನ ಹೆಸರನ್ನು ಹಾಗೆಯೇ ಕೆರೆದು ತಮ್ಮ ಹೆಸರು ಬರೆದು ಮೇಲಕ್ಕೆ ಕಳಿಸಿದರು. ಅವರಿಗೆ ಬಡ್ತಿ ಸಿಕ್ಕಿತು. ನಾನು ಕೇಳಲು ಹೋದರೆ, "ಯಾಕೋ ಶರಣ್ಯಾ, ಬಡಿಗ್ಯಾ ಬಾಗಿಲಾ ಮಾಡ್ತಾನ, ಹಂಗಂತ ಮನಿ ಅವಂದು ಆಗ್ತದೇನು?" ಎಂದು ನಕ್ಕರು. ಆ ನಗುವನ್ನು ನಾನು ಆರು ವರ್ಷ ಎದೆಯಲ್ಲಿಟ್ಟುಕೊಂಡಿದ್ದೆ. ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ನನಗೆ ಅರ್ಧದಲ್ಲೇ ಅವಕಾಶ ಬಂತು.

ಆ ಜನವರಿಯಲ್ಲಿ ಮಲ್ಲಣ್ಣ ಎಂಬ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ಚಿಂಚೋಳಿ ತಾಲೂಕಿನ ಚಿಮ್ಮನಚೋಡದವನು. ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದ. ವಾಡಿಯಿಂದ ಶಹಾಬಾದಿನವರೆಗೆ ಹದಿನಾಲ್ಕು ಗಣಿಗಳಿಗೆ ತಾನೇ ಇಳಿದು ಕಲ್ಲಿನ ಪದರುಗಳನ್ನು ಅಳೆದಿದ್ದ. ಅಳತೆಯೇನೋ ಚೊಕ್ಕ. ಆದರೆ ರಿಪೋರ್ಟು ಎಂದು ಅವನು ಮೇಜಿನ ಮೇಲಿಟ್ಟದ್ದು ಬರೀ ಹಾಳೆಗಳ ಗುಡ್ಡೆ.

"ಅಣ್ಣಾರ, ಮಾರ್ಚ್ ಹದಿನೈದಕ್ಕ ಕೊಡಬೇಕ್ರಿ. ಇದು ಹೋದ್ರ ಸ್ಕಾಲರ್‌ಶಿಪ್ ಹೋಯ್ತು, ನಾ ಮತ್ತ ಚಿಮ್ಮನಚೋಡಕ್ಕ ಹೋಗಿ ಕುಂದ್ರೋದೇ" ಎಂದ.

"ಮೊದಲ ಇಲ್ಲಿ ಕುಂದ್ರು. ಇದೇನು ರಿಪೋರ್ಟೋ, ಸಂತಿ ಚೀಲೋ?" ಎಂದೆ.

ಎರಡು ತಿಂಗಳು, ಪ್ರತಿ ಭಾನುವಾರ, ನಾನು ಅವನಿಗೆ ರಿಪೋರ್ಟು ಕಟ್ಟುವುದನ್ನು ಕಲಿಸಿದೆ. ಮೊದಲು ಮುಖಪುಟ, ಆಮೇಲೆ ಪ್ರಮಾಣಪತ್ರ, ಕೃತಜ್ಞತೆಯ ಪುಟ, ವಿಷಯಸೂಚಿ; ನಂತರ ಅಧ್ಯಾಯಗಳು; ಕೊನೆಗೆ ನಕ್ಷೆಗಳು ಮತ್ತು ಅನುಬಂಧ. ಅನುಬಂಧದಲ್ಲಿ ಅವನು ಗಣಿಯೊಳಗೆ ಬರೆದುಕೊಂಡ ಮೂಲ ಪುಸ್ತಕಗಳೇ ಇರಬೇಕು, ಬೆವರಿನ ಕಲೆ ಸಮೇತ. ಇನ್ನೊಂದು ನಿಯಮವನ್ನು ಕಟ್ಟುನಿಟ್ಟಾಗಿ ಹಾಕಿದೆ: ಅಂಕಿಗಳೆಲ್ಲ ಕೋಷ್ಟಕದಲ್ಲಿ ಮಾತ್ರ, ಅಧ್ಯಾಯದಲ್ಲಿ ಮಾತು, ಪಕ್ಕದಲ್ಲಿ ಕೋಷ್ಟಕದ ನಂಬರು. ಮಲ್ಲಣ್ಣ ಕೃತಜ್ಞತೆಯ ಪುಟವನ್ನು ಎಲ್ಲಕ್ಕಿಂತ ಮೊದಲೇ ಬರೆದು ತಂದು ತೋರಿಸಿದ. 'ನನ್ನ ಗುರು ಶರಣಪ್ಪನವರಿಗೆ' ಎಂದಿತ್ತು. ನನ್ನ ಹೆಸರನ್ನು ಕೆರೆಯುವವರನ್ನು ಕಂಡಿದ್ದೆ, ಬರೆಯುವವನನ್ನು ಕಂಡದ್ದು ಅದೇ ಮೊದಲು.

ಇಲ್ಲಿ ಒಂದು ವಿಷಯ ವಿವರಿಸಬೇಕು. ಮಲ್ಲಣ್ಣ ಓದುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಪಾಠ, ಪರೀಕ್ಷೆ, ರಿಪೋರ್ಟು ಎಲ್ಲವೂ ಉರ್ದುವಿನಲ್ಲಿ. ಉರ್ದು ಬಲದಿಂದ ಎಡಕ್ಕೆ ಓಡುವ ಬರಹ. ಪುಸ್ತಕ ತೆರೆಯುವುದೂ ಬಲಗಡೆಯಿಂದ, ಕೋಷ್ಟಕದ ಮೊದಲ ಕಾಲಮ್ಮೂ ಬಲಗಡೆಯೇ. ನಮ್ಮ ಕಂಪನಿಯ ಕೆಲಸ ಮಾತ್ರ ಇಂಗ್ಲಿಷಿನದು. ಹಾಗಾಗಿ ಕರಡಿನಲ್ಲಿ ಅಧ್ಯಾಯಗಳು ಮಲ್ಲಣ್ಣನ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಇದ್ದವು. ಗಣಿಗೊಂದರಂತೆ ನಾನು ಗೆರೆ ಎಳೆದುಕೊಟ್ಟ ಹದಿನಾಲ್ಕು ಕೋಷ್ಟಕಗಳು ಎಡದಿಂದ ಬಲಕ್ಕೆ ಇದ್ದವು. ಕಾಲಮ್ಮು ನಾಲ್ಕು: ಎರೆಮಣ್ಣು, ಮೊರಂ, ತೆಳು ಫರ್ಸಿ, ದಪ್ಪ ಫರ್ಸಿ. ನೆಲದ ಮೇಲಿನಿಂದ ಕೆಳಕ್ಕೆ ಹೋಗುವ ಕ್ರಮ ಅದು: ಮೇಲೆ ಕಪ್ಪು ಮಣ್ಣು, ಅದರಡಿ ಗರಸು, ಅದರ ಕೆಳಗೆ ಹಾಸುಗಲ್ಲು. ಅಳತೆ ಇಂಚಿನಲ್ಲಿ. ವಾಡಿಯ ಮೊದಲ ಗಣಿಯ ಸಾಲು ಈಗಲೂ ಬಾಯಿಗೆ ಬರುತ್ತದೆ: ನಲವತ್ತೆಂಟು, ಇಪ್ಪತ್ನಾಲ್ಕು, ಒಂದು, ಮೂರು. ತಲೆಬರಹಗಳನ್ನು ನಾನು ಪೆನ್ಸಿಲಿನಲ್ಲಿ ಬರೆದಿದ್ದೆ. ವಾಡಿಯಲ್ಲಿ ಖಾಜಾಸಾಬ್ ಎಂಬ ಮುದುಕ ಕಾತಿಬ್ ಇದ್ದರು, ಉರ್ದುವನ್ನು ಮುತ್ತು ಪೋಣಿಸಿದಂತೆ ಬರೆಯುವವರು. ಅವರು ಕೊನೆಯ ಪ್ರತಿ ಮಾಡುವಾಗ ಕೋಷ್ಟಕವನ್ನು ಉರ್ದು ಕ್ರಮಕ್ಕೆ ತಿರುಗಿಸುವುದೆಂದು ಮಾತಾಗಿತ್ತು.

ಫೆಬ್ರವರಿಯ ಕೊನೆಯಲ್ಲಿ ರಾಯರು ನನ್ನ ಮೇಜಿನ ಹತ್ತಿರ ಬಂದರು. ತಾವಾಗಿ ಬಂದದ್ದು ಆರು ವರ್ಷದಲ್ಲಿ ಅದೇ ಮೊದಲು.

"ಆ ಚಿಂಚೋಳಿ ಹುಡುಗನ ರಿಪೋರ್ಟ್ ನಿನ್ನ ಹತ್ರ ಅದ ಅಂತಲ್ಲೋ. ಗಣಿ ಕಂಪನೀದು. ನನ್ನ ಸಹಿ ಇಲ್ದ ಹೊರಗ ಹೋಗಂಗಿಲ್ಲ. ನಾಳಿ ತಂದು ಕೊಡು."

ಪರವಾನಗಿ ಪತ್ರ ಬೇಕಿದ್ದುದು ನಿಜವೇ. ಆದರೆ ರಾಯರ ಮಗ ಗೋಪಾಲನೂ ಅದೇ ತರಗತಿಯಲ್ಲಿ ಓದುತ್ತಿದ್ದ, ಅವನ ಪ್ರಾಜೆಕ್ಟೂ ಫರ್ಸಿ ಗಣಿಯದೇ, ಅವನು ಒಂದು ದಿನವೂ ಗಣಿಗೆ ಇಳಿದಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ರಾಯರ ದನಿಯಲ್ಲಿ ಚಿತ್ತಾಪುರದ ನಗು ಕೇಳಿಸಿತು. ಅಲೆಲೆಲೇ, ಬೆಕ್ಕು ತಾನಾಗಿ ಬೋನಿಗೆ ನಡೆದು ಬಂತಲ್ಲ ಎಂದುಕೊಂಡೆ.

ನಕ್ಷೆಗಳನ್ನೂ ಅನುಬಂಧದ ಪುಸ್ತಕಗಳನ್ನೂ ತೆಗೆದು ಕಪಾಟಿನಲ್ಲಿಟ್ಟೆ. ಅವು ಇನ್ನೂ ಮುಗಿದಿಲ್ಲ ಎಂದರಾಯಿತು. ಆಮೇಲೆ ರಬ್ಬರು ತೆಗೆದುಕೊಂಡು ಹದಿನಾಲ್ಕೂ ಕೋಷ್ಟಕಗಳ ನಾಲ್ಕು ನಾಲ್ಕು ತಲೆಬರಹಗಳನ್ನು ಅಳಿಸಿದೆ. ಒಂದು ಸುಳ್ಳು ಅಂಕಿ ಬರೆಯಲಿಲ್ಲ. ಕಾಗದದ ಪುಡಿಯನ್ನು ಊದುವಾಗ ನನ್ನ ಬಾಯಲ್ಲಿ ಸಿಹಿ ನೀರೂರಿದ್ದು ಸತ್ಯ. ಮಲ್ಲಣ್ಣನಿಗೆ ಇದೊಂದನ್ನೂ ಹೇಳಲಿಲ್ಲ. ಅವನ ಮುಖ ಕನ್ನಡಿ ಇದ್ದಂತೆ, ಒಳಗಿದ್ದದ್ದೆಲ್ಲ ಹೊರಗೆ ಕಾಣುತ್ತಿತ್ತು.

ರಾಯರು ಕರಡನ್ನು ಒಂಬತ್ತು ದಿನ ಇಟ್ಟುಕೊಂಡು ಸಹಿ ಹಾಕಿ ಕೊಟ್ಟರು. ನಾನು ತಲೆಬರಹಗಳನ್ನು ಮತ್ತೆ ಬರೆದೆ. ಖಾಜಾಸಾಬರು ಕಾಲಮ್ಮುಗಳನ್ನು ತಿರುಗಿಸಿ ಅಂದವಾದ ಪ್ರತಿ ಮಾಡಿದರು, ಮಲ್ಲಣ್ಣ ಕೊನೆಯ ದಿನ ಹೈದರಾಬಾದಿಗೆ ಹೋಗಿ ಕೊಟ್ಟು ಬಂದ.

ಎರಡು ವಾರದ ನಂತರ ಅವನು ಓಡಿಬಂದ. ತುಟಿ ಒಣಗಿತ್ತು.

"ಅಣ್ಣಾರ, ನನಗ ಕಳ್ಳ ಅಂದ್ರು. ಗೋಪಾಲ ನನಗಿಂತ ನಾಕು ದಿನ ಮೊದಲ ಇದೇ ರಿಪೋರ್ಟ್ ಕೊಟ್ಟಾನ್ರಿ. ಹಿಂದ ಕೊಟ್ಟಾಂವ ನಾನು, ಕದ್ದಾಂವ ನಾನೇ ಅಂತ. ಏಪ್ರಿಲ್ ಹದಿನಾರಕ್ಕ ವಿಚಾರಣಿ. ಹೆಸರು ತೆಗಿತಾರಂತ."

"ಹೆದರಬ್ಯಾಡ. ನಾನೂ ಬರ್ತೀನಿ" ಎಂದಷ್ಟೇ ಹೇಳಿದೆ. ಅದಕ್ಕಿಂತ ಹೆಚ್ಚು ಹೇಳಬಹುದಿತ್ತು. ಹೇಳಲಿಲ್ಲ. ವಿಚಾರಣೆಯವರೆಗೂ ಅವನು ವಾಡಿಯಲ್ಲಿ ಖಾಜಾಸಾಬರ ಪಡಸಾಲೆಯಲ್ಲೇ ಉಳಿದ. ಮುದುಕರು ಒಂದು ದಿನ ನನ್ನನ್ನು ತಡೆದು, "ಶರಣಪ್ಪಾ, ಹುಡುಗ ಊಟಾನೇ ಮಾಡಲಿಕ್ಹತ್ತಿಲ್ಲ. ನಿಮ್ಗೆ ಏನಾರ ಗೊತ್ತಿದ್ರ ಹೇಳಿಬಿಡ್ರಿ ಬೇಟಾ" ಎಂದರು. ನಾನು ಕೆಲಸದ ನೆಪ ಹೇಳಿ ಹೊರಟುಬಿಟ್ಟೆ. ನನ್ನ ಕಣ್ಣೆಲ್ಲ ಏಪ್ರಿಲ್ ಹದಿನಾರರ ಮೇಲೆಯೇ ಇತ್ತು.

ಅಂದು ಪ್ರೊಫೆಸರರ ಕೋಣೆಯಲ್ಲಿ ನಾವು ನಾಲ್ವರು: ರಾಯರು, ಗೋಪಾಲ, ಮಲ್ಲಣ್ಣ, ನಾನು. ರಾಯರು ರೇಷ್ಮೆ ರುಮಾಲು ಸುತ್ತಿ ಬಂದಿದ್ದರು. ಪ್ರೊಫೆಸರರು ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟು ಗೋಪಾಲನನ್ನು ಉರ್ದುವಿನಲ್ಲಿ ಕೇಳಿದರು, "ನಿಮ್ಮ ಮೊದಲ ಗಣಿಯಲ್ಲಿ ಎರೆಮಣ್ಣು ಎಷ್ಟು?"

"ಮೂರು ಇಂಚು, ಸರ್."

"ಅದರ ಕೆಳಗೆ ಮೊರಂ?"

"ಒಂದು ಇಂಚು."

"ತೆಳು ಫರ್ಸಿ ಇಪ್ಪತ್ನಾಲ್ಕು ಇಂಚು, ದಪ್ಪ ಫರ್ಸಿ ನಲವತ್ತೆಂಟು. ಒಂದೊಂದು ಹಾಸು ನಾಲ್ಕು ಅಡಿ ದಪ್ಪ. ಎಷ್ಟು ಜನ ಎತ್ತುತ್ತಾರಪ್ಪಾ ಅದನ್ನು?"

ಗೋಪಾಲ ಅಪ್ಪನ ಮುಖ ನೋಡಿದ. ತಲೆಬರಹ ಇಲ್ಲದ ಕೋಷ್ಟಕವನ್ನು ಅವನು ತನಗೆ ರೂಢಿಯಾದಂತೆ ಬಲಗಡೆಯಿಂದ ಓದಿ, ಅಧ್ಯಾಯದಲ್ಲಿದ್ದ ಪದರುಗಳ ಹೆಸರನ್ನು ಅದೇ ಕ್ರಮದಲ್ಲಿ ತಲೆಬರಹ ಮಾಡಿ, ಹದಿನಾಲ್ಕೂ ಗಣಿಗಳನ್ನು ತಲೆಕೆಳಗು ಮಾಡಿದ್ದ. ಗಣಿಯಲ್ಲಿ ಒಂದು ದಿನ ನಿಂತವನಾದರೂ ಇದನ್ನು ನೋಡಿ ನಗುತ್ತಿದ್ದ. ರಾಯರು ನೋಡಿರಲೇ ಇಲ್ಲ. ಅವರು ಯಾವತ್ತೂ ಮುಖಪುಟದ ಹೆಸರು ನೋಡುವವರು. ಪ್ರೊಫೆಸರರು ಅನುಬಂಧ ಕೇಳಿದರು. ಗೋಪಾಲನ ರಿಪೋರ್ಟಿನಲ್ಲಿ ಇರಲಿಲ್ಲ. ಮಲ್ಲಣ್ಣನ ರಿಪೋರ್ಟಿನಿಂದ ಕಲ್ಲುಪುಡಿ ಮೆತ್ತಿದ ಮೂರು ಪುಸ್ತಕಗಳು ಹೊರಬಂದವು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಗೋಪಾಲನನ್ನು ಆ ವರ್ಷದ ಪರೀಕ್ಷೆಯಿಂದ ಹೊರಗಿಟ್ಟರು. ಮಲ್ಲಣ್ಣನ ಕರಡು ರಾಯರ ಕೈ ಸೇರಿತ್ತೆಂಬುದಕ್ಕೆ ಅವರ ಸಹಿಯೇ ಸಾಕ್ಷಿ ಎಂದು ಕಂಪನಿಗೆ ಕಾಗದ ಹೋಯಿತು. ಜೂನಿನಲ್ಲಿ ಅವರ ಓವರ್‌ಸಿಯರ್ ಹುದ್ದೆಯೂ ಹೋಯಿತು.

ಹೊರಗೆ ಮೆಟ್ಟಿಲ ಮೇಲೆ ರಾಯರನ್ನು ನಿಲ್ಲಿಸಿದೆ. "ರಾಯರ, ಚಿತ್ತಾಪುರದ ನಕ್ಷಿ ನೆನಪದ ಏನ್ರಿ? ಅವತ್ತು ನೀವು ಬ್ಲೇಡಿನಿಂದ ಕೆರದ್ರಿ. ಈಗ ನಾ ರಬ್ಬರಿನಿಂದ ಅಳಿಸೀನಿ. ಅಷ್ಟೇ ನೋಡ್ರಿ."

ಅವರು ರೇಷ್ಮೆ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಬರಿತಲೆಯಲ್ಲಿ ಮೆಟ್ಟಿಲಿಳಿದರು. ಆ ಬರಿತಲೆ ನೋಡಿ ನನಗಾದ ಸಂತೋಷ ಮದುವೆಯಲ್ಲೂ ಆಗಿರಲಿಲ್ಲ.

ಆ ಮಾತನ್ನು ಮಲ್ಲಣ್ಣ ಕೇಳಿಸಿಕೊಂಡಿದ್ದ. ವಾಡಿಗೆ ಮರಳುವ ರೈಲಿನಲ್ಲಿ ತಾಂಡೂರು ದಾಟಿದ ಮೇಲೆ ಕೇಳಿದ, "ಅಣ್ಣಾರ, ಅವರು ಕದಿತಾರ ಅಂತ ನಿಮಗ ಮೊದಲೇ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ನನಗ ಕಳ್ಳ ಅಂದಾಗೂ?"

"ಹೂಂ. ಕಡೀಕ ಗೆದ್ದೆಲ್ಲೋ!"

"ಗೆದ್ದಾಂವ ನೀವ್ರಿ. ನಾ ಬರೇ ಹಕ್ಕಿ ಹಿಡಿಯೋ ಬಲ್ಯಾಗಿನ ಕಾಳು ಆಗಿದ್ದೆ." ಸಿಟ್ಟಿನಿಂದ ಹೇಳಲಿಲ್ಲ, ಲೆಕ್ಕ ತಿಳಿದವನ ಹಾಗೆ ಹೇಳಿದ. ಚಿತ್ತಾಪುರ ಸ್ಟೇಷನ್ನಿನಲ್ಲಿ ಇಳಿದು ನನಗೆ ಚಹಾ ತಂದುಕೊಟ್ಟ. ತಾನು ಕುಡಿಯಲಿಲ್ಲ.

ಅವನು ಪಾಸಾದ, ಮುಂದೆ ದೊಡ್ಡ ಇಂಜಿನಿಯರ್ ಆದ. ಆ ವರ್ಷದ ಕೊನೆಯಲ್ಲಿ, ರಿಪೋರ್ಟಿನ ಒಂದು ಪ್ರತಿಯನ್ನು ಹೊಸದಾಗಿ ಬರೆಸಿ, ಚರ್ಮದ ರಟ್ಟು ಹಾಕಿಸಿ ನನಗೆ ಕಳಿಸಿದ. ಕಲಿಸಿದ ಕ್ರಮ ಒಂದಿಷ್ಟೂ ತಪ್ಪಿರಲಿಲ್ಲ. ಹದಿನಾಲ್ಕೂ ಕೋಷ್ಟಕಗಳಿಗೆ ಕೆಂಪು ಶಾಯಿಯ ತಲೆಬರಹಗಳಿದ್ದವು.

ವೃತ್ತಿ ನನಗೆ ಕಲಿಸಿದ್ದು ಇಷ್ಟು: ತಲೆಬರಹ ಬರೆಯದ ಕೋಷ್ಟಕವನ್ನು ಶತ್ರುವಿನ ಕೈಗೂ ಕೊಡಬಾರದು. ಅದು ಯಾರ ಮನೆ ಹೊಕ್ಕು ಯಾರ ಊಟ ಕೆಡಿಸುತ್ತದೆಂದು ಕೊಟ್ಟವನಿಗೂ ಗೊತ್ತಿರುವುದಿಲ್ಲ. ನರಸಿಂಗರಾಯರ ಮೇಲೆ ನನಗೆ ಇಂದಿಗೂ ಕನಿಕರವಿಲ್ಲ. ಅವರು ಇನ್ನೊಮ್ಮೆ ಹುಟ್ಟಿ ಬಂದರೆ ಇನ್ನೊಮ್ಮೆ ಅಳಿಸುತ್ತೇನೆ. ಆದರೆ ಆ ಚರ್ಮದ ರಟ್ಟಿನ ರಿಪೋರ್ಟಿನ ಕೃತಜ್ಞತೆಯ ಪುಟವನ್ನು ತೆರೆದಾಗಲೆಲ್ಲ ಕಣ್ಣು ಅಲ್ಲೇ ನಿಲ್ಲುತ್ತದೆ. ಮೊದಲಿಗೆ ಖಾಜಾಸಾಬರ ಹೆಸರಿದೆ, ಆಮೇಲೆ ಹದಿನಾಲ್ಕು ಗಣಿಗಳ ಕೂಲಿಕಾರರದು. ಕೊನೆಯ ಸಾಲಿನಲ್ಲಿ, 'ಕೋಷ್ಟಕಗಳಿಗೆ ಗೆರೆ ಎಳೆದುಕೊಟ್ಟ ಶರಣಪ್ಪನವರಿಗೆ' ಎಂದಿದೆ. ಗುರು ಎಂಬ ಮಾತು ಇಲ್ಲ.