ಯಾರೂ ಕೇಳದ ಕಟ್ಟುಗಳು

ಯಳಂದೂರಿನ ರುದ್ರಸ್ವಾಮಿ ಮೇಷ್ಟ್ರು ಕಂಪ್ಯೂಟರನ್ನು ಕಣ್ಣಾರೆ ಕಂಡದ್ದು ಒಂದೇ ಸಲ, ಅದೂ ಬೆಂಗಳೂರಿನಲ್ಲಿ, ಗಾಜಿನ ಆಚೆಯಿಂದ. ಆದರೂ ಅದರ ಹೊಟ್ಟೆಯೊಳಗೆ ಏನೇನಿದೆ ಎಂದು ಅದನ್ನು ಕಟ್ಟಿದವರಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಕೊಳ್ಳೇಗಾಲದಲ್ಲಿ ಕಾಲೇಜು ಹುಡುಗರಿಗೆ ಲೆಕ್ಕ ಹೇಳಿಕೊಟ್ಟು ಮನೆಗೆ ಬಂದರೆ, ಟಪಾಲಿನಲ್ಲಿ ತರಿಸಿಕೊಂಡ ಸಂಶೋಧನಾ ಲೇಖನಗಳ ಮೇಲೆ ಬೀಳುತ್ತಿದ್ದರು. ಆ ಕಾಗದಗಳ ಭಾರಕ್ಕೆ ಮನೆಯ ಅಟ್ಟ ಬಾಗಿ ಕೆಳಗೆ ಮಲಗಿದವರ ಮೂಗಿಗೆ ತಾಗುತ್ತಿತ್ತು. ನನಗೆ ಹೆಚ್ಚು ಮಾಡಿ ಹೇಳುವ ಅಭ್ಯಾಸವಿಲ್ಲ. ಬೇಕಾದರೆ ಮೂಗಿನಿಂದ ನಾಲ್ಕು ಬೆರಳು ಮೇಲೆ ಎಂದಿಟ್ಟುಕೊಳ್ಳಿ.

ಅವರು ಹಿಡಿದ ಪ್ರಶ್ನೆ ಇಷ್ಟೇ. ಕಂಪ್ಯೂಟರಿಗೆ ಎರಡು ನೆನಪು: ಒಂದು ಚಿಕ್ಕದು, ಚುರುಕು, ಇನ್ನೊಂದು ದೊಡ್ಡದು, ನಿಧಾನ. ಉಪ್ಪಿನ ಡಬ್ಬಿ ಒಲೆಯ ಪಕ್ಕದಲ್ಲಿ, ಹಬ್ಬದ ಕೊಳಗ ಅಟ್ಟದ ಮೇಲೆ ಇದ್ದಂತೆ. ಚಿಕ್ಕದು ತುಂಬಿಹೋದಾಗ ಯಾವುದನ್ನು ಆಚೆಗೆ ತಳ್ಳಬೇಕು? ಬಹಳ ಕಾಲದಿಂದ ಯಾರೂ ಕೇಳದೆ ಇರುವುದನ್ನು ಎಂಬುದು ಮೇಷ್ಟ್ರ ಉತ್ತರ. ಅದನ್ನು ಸಾಧಿಸಿದರೆ ಡಾಕ್ಟರೇಟು. ಸಾಧಿಸಲು ಯಾವಾಗ ಯಾವುದನ್ನು ಯಾರು ಕೇಳಿದರು ಎಂಬ ಉದ್ದನೆಯ ಪಟ್ಟಿ ಬೇಕು. ಕಂಪ್ಯೂಟರಂತೂ ಇಲ್ಲ, ಆದರೆ ಜನ ಬಂದು ಹಳೇ ಕಾಗದ ಕೇಳುವ ಕಡೆಯೂ ಅಂಥ ಪಟ್ಟಿ ಸಿಗುತ್ತದೆ. ಹಾಗಾಗಿ ೧೯೭೧ರಲ್ಲಿ ನಮ್ಮ ಕಚೇರಿಯ ರೆಕಾರ್ಡ್ ರೂಮಿಗೆ ಬಂದು ಸ್ಟೂಲು ಹಾಕಿಕೊಂಡರು. ಕಚೇರಿಯ ಹೆಸರು ಹೇಳಲಾರೆ, ನನ್ನ ಪಿಂಚಣಿ ಅಲ್ಲಿಂದಲೇ ಬರುತ್ತದೆ.

ಆ ಕೋಣೆಯಲ್ಲಿ ಎಷ್ಟು ಕಾಗದದ ಕಟ್ಟುಗಳಿದ್ದವೆಂದರೆ ಸೊಳ್ಳೆಗಳೂ ಸರದಿಯ ಮೇಲೆ ಹಾರುತ್ತಿದ್ದವು. ೧೯೫೬ರಲ್ಲಿ ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದಾಗ ತಮಿಳು ಕಾಗದಗಳೆಲ್ಲ ನಮ್ಮ ಪಾಲಿಗೆ ಬಂದವು. ಅವನ್ನು ಓದಬಲ್ಲವರು ರೆಕಾರ್ಡ್ ಕೀಪರ್ ಗುರುಸಿದ್ದಯ್ಯ ಒಬ್ಬರೇ. ಮೇಷ್ಟ್ರು ರಜೆ ಇದ್ದಾಗ, ಪಾಠ ಮುಗಿದಾಗ ಬಂದು, ಬಾರದ ದಿನ ಗುರುಸಿದ್ದಯ್ಯನವರಿಂದ ಬರೆಸಿ, ಹದಿನೆಂಟು ತಿಂಗಳು ಜನ ಕೇಳಿದ ಪ್ರತಿಯೊಂದು ಕಟ್ಟನ್ನೂ ನೋಟ್‌ಬುಕ್ಕಿಗೆ ಇಳಿಸಿದರು. ನೂರಕ್ಕೆ ಏಳು ಕಟ್ಟುಗಳನ್ನೇ ಜನ ಮತ್ತೆ ಮತ್ತೆ ಕೇಳಿದ್ದರು. ತಮಿಳು ಕಟ್ಟುಗಳನ್ನು ಒಬ್ಬರೂ ಕೇಳಿರಲಿಲ್ಲ.

ನಮ್ಮ ಕಚೇರಿಯ ಸಾಹೇಬರ ಕಿವಿಗೆ ಇದು ಬಿದ್ದದ್ದೇ ತಡ, ಕೇಳದ ಕಟ್ಟುಗಳೆಲ್ಲ ಹಿತ್ತಲಿನ ಹಳೇ ರೇಷ್ಮೆಹುಳು ಸಾಕುವ ಕೊಟ್ಟಿಗೆಗೆ ಎಂದು ಹುಕುಂ ಮಾಡಿದರು. ಗುರುಸಿದ್ದಯ್ಯ ಮೇಷ್ಟ್ರ ಮುಖ ನೋಡಿದರು.

"ಕೇಳಕ್ಕೆ ಬರ್ದೇ ಇರೋರ್ಗೆ ಬ್ಯಾಡ ಅಂತ ನೀವೇ ತೀರ್ಮಾನ ಮಾಡ್ಬುಟ್ರಾ ಮೇಷ್ಟ್ರೇ?"

ಮೇಷ್ಟ್ರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅರ್ಧ ಗಂಟೆ ವಿವರಿಸಿದರು. ಗುರುಸಿದ್ದಯ್ಯ ಎಲ್ಲ ಕೇಳಿ, ಹೆಗಲಿಗೆ ಟವೆಲು ಹಾಕಿಕೊಂಡು, ಕಟ್ಟುಗಳನ್ನು ಹೊತ್ತರು.

ಎರಡು ಮಳೆಗಾಲ ಕಳೆದವು. ೧೯೭೪ರ ಅಕ್ಟೋಬರಿನಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಒಂದು, ಮೇಷ್ಟ್ರ ಡಾಕ್ಟರೇಟಿಗೆ ಗೈಡಾಗಿದ್ದ ಬೆಂಗಳೂರಿನ ಪ್ರೊಫೆಸರು ಬರೆದ ಕಾಗದ: ಡಿಸೆಂಬರ್ ಐದಕ್ಕೆ ಕಂಪ್ಯೂಟರು ಎರಡು ಗಂಟೆ ನಿಮ್ಮದು, ಪಟ್ಟಿಯನ್ನು ಕಂಪ್ಯೂಟರು ಓದುವ ತೂತಿನ ಕಾರ್ಡಿಗೆ ಹೊಡೆಸಿ ತನ್ನಿ, ತಪ್ಪಿದರೆ ಇನ್ನೆರಡು ವರ್ಷ ಸರದಿ ಸಿಗುವುದಿಲ್ಲ, ಅಷ್ಟರಲ್ಲಿ ನಿಮ್ಮ ನೋಂದಣಿಯೂ ಮುಗಿಯುತ್ತದೆ. ಇನ್ನೊಂದು, ಲೊಕ್ಕನಹಳ್ಳಿಯ ಪುಟ್ಟಮಾದಮ್ಮ. ಕಾಡಂಚಿನಲ್ಲಿ ಎರಡೂವರೆ ಎಕರೆ, ಗಂಡ ಇಲ್ಲ. ಇದು ಕಾಡಿನ ಜಾಗ, ಕಾಗದ ತೋರಿಸು, ಇಲ್ಲವೇ ಬಿಡು ಎಂದು ನೋಟೀಸು ಬಂದಿತ್ತು. ಜಮೀನು ಕೊಟ್ಟ ಆದೇಶ ಮದರಾಸಿನ ಕಾಲದ್ದು, ತಮಿಳಿನದು. ಮನೆಯಲ್ಲಿದ್ದ ಪ್ರತಿಯನ್ನು ಸೂರು ಕಿತ್ತ ಆನೆ ರಾಗಿ ಮೂಟೆಯ ಸಮೇತ ತುಳಿದುಹಾಕಿತ್ತು.

ಮೇಷ್ಟ್ರು ಮತ್ತು ಗುರುಸಿದ್ದಯ್ಯ ಕೊಟ್ಟಿಗೆಯಲ್ಲಿ ಒಂಬತ್ತು ದಿನ ಹುಡುಕಿದರು. ಅಲ್ಲಿನ ಗೆದ್ದಲು ನಮ್ಮ ಸಾಹೇಬರಿಗಿಂತ ಹೆಚ್ಚು ಫೈಲು ವಿಲೇವಾರಿ ಮಾಡಿದ್ದವು. ಕೊನೆಗೆ ಕಟ್ಟು ಸಿಕ್ಕಿತು, ಹಾಳೆಯೂ ಸಿಕ್ಕಿತು. ಗಂಡನ ಹೆಸರಿತ್ತು. ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ದಾರಿ ಎಂದಿತ್ತು. ವಿಸ್ತೀರ್ಣ, ಪಶ್ಚಿಮ, ಉತ್ತರ ಇರಬೇಕಾದ ಕಡೆ ತೂತು, ತೂತಿನಲ್ಲಿ ಗುರುಸಿದ್ದಯ್ಯನವರ ಹೆಬ್ಬೆರಳು.

ಮೇಷ್ಟ್ರು ಆಕೆಯನ್ನು ಕೇಳಿದರು, ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಬಂದು ನಕಲು ತೆಗೆದುಕೊಳ್ಳಬಾರದಿತ್ತೇ ಎಂದು.

"ನಾ ಬಸ್ಸತ್ತುದ್ರೆ ಅಟ್ಟಣೆ ಮ್ಯಾಲೆ ಕಾವ್ಲು ಯಾರ್ ಕುಂತ್ಕಂಡಾರು ಸಾ?" ಎಂದಳು ಪುಟ್ಟಮಾದಮ್ಮ. "ನಮ್ ಕಡೆಯೋರು ಯಾರೂ ಇತ್ತಗೆ ಬರಕಿಲ್ಲ. ಒಂದಿನ ಇತ್ತಗೆ ಬಂದ್ರೆ ಒಂದೊರ್ಸದ ರಾಗಿ ಅತ್ತಗೆ ಓಯ್ತದೆ."

ಮೇಷ್ಟ್ರು ಅಲ್ಲೇ ನೋಟ್‌ಬುಕ್ಕು ತೆಗೆದರು. ದೊಡ್ಡ ರಸ್ತೆಯ ಮೇಲಿರುವ ಸತ್ತೇಗಾಲದವರು ಮುನ್ನೂರು ಸಲ ಬಂದಿದ್ದರು. ತೆಂಗಿನಮರ ಪಕ್ಕದವನ ಕಡೆ ಬಾಗಿದೆ ಎಂದೂ ಬಂದಿದ್ದರು, ಹೇಗಿದ್ದರೂ ಬಸ್ಸಿದೆ. ಕಾಡಂಚಿನ ಹಳ್ಳಿ ಒಂದೂ ಇರಲಿಲ್ಲ. ಆ ಸಾಯಂಕಾಲ ಅವರು ನನ್ನೊಂದಿಗೆ ಕಾಫಿಗೆ ಬಂದರು, ಕುಡಿಯಲಿಲ್ಲ. ಬರಲಾಗದವರು ಪಟ್ಟಿಯಲ್ಲೇ ಇಲ್ಲ ಎಂದು ಗೈಡಿಗೆ ಬರೆದರು. ಇರುವ ಪಟ್ಟಿ ಸಾಕು, ಹಳ್ಳಿಯ ವಿಚಾರ ತಂದು ಕಲಸಬೇಡಿ ಎಂದು ಉತ್ತರ ಬಂತು.

ನೋಟೀಸಿನ ಮೇಲೆ ನಮ್ಮ ಸಾಹೇಬರ ಮುಂದೆ ನಡೆಯುವ ನವೆಂಬರಿನ ವಿಚಾರಣೆಗೆ ಪುಟ್ಟಮಾದಮ್ಮನೇ ಹಾಜರಿರಬೇಕು. ರಾಗಿ ತೆನೆಗಟ್ಟಿದ ಹೊತ್ತು. ಮೇಷ್ಟ್ರು ಕಾಲೇಜಿಗೆ ರಜೆ ಹಾಕಿ ಲೊಕ್ಕನಹಳ್ಳಿಗೆ ಹೋಗಿ ಅಟ್ಟಣೆ ಹತ್ತಿ ಡಬ್ಬ ಬಡಿದರು. ಮೂರು ಹಂದಿಗಳಿಗೆ ಅವರು ಬೀಜಗಣಿತ ಹೇಳಿ ಓಡಿಸಿದರೆಂದು ನಾನು ಊರೆಲ್ಲ ಹಬ್ಬಿಸಿದೆ. ನಿಜವೆಂದರೆ ಹಂದಿಗಳು ಪಶ್ಚಿಮದ ಮೂಲೆಯನ್ನು ಉತ್ತುಹಾಕಿದ್ದವು, ಕೂಗಿ ಕೂಗಿ ಮೇಷ್ಟ್ರ ದನಿ ಬಿದ್ದುಹೋಗಿತ್ತು. ಮಾರನೆಯ ದಿನ ಮರಳಿ ಬಂದ ಆಕೆ ಅದನ್ನೆಲ್ಲ ನೋಡಿ, ಬಗ್ಗಿ ಬಿದ್ದ ತೆನೆ ಆರಿಸತೊಡಗಿದಳು. ವಿಚಾರಣೆ ಮುಂದಕ್ಕೆ ಹೋಗಿತ್ತು.

"ಮುಂದ್ಲ ತಾರೀಕ್ಗೂ ಬತ್ತೀರಾ ಸಾ? ಡಿಸೆಂಬರ್ ಐದು ಅಂದ್ರು."

ಮೇಷ್ಟ್ರು ನಜ್ಜುಗುಜ್ಜಾದ ಡಬ್ಬವನ್ನು ಕೆಳಗಿಟ್ಟರಂತೆ. ಆಮೇಲೆ, "ಬರ್ತೀನಿ ತಾಯಿ. ಇದಕ್ಕಿಂತ ದೊಡ್ಡ ಡಬ್ಬ ಒಂದು ನೋಡಿಡಿ" ಅಂದರಂತೆ.

ಐದನೇ ತಾರೀಕು ಬೆಂಗಳೂರಿನಲ್ಲಿ ಕಂಪ್ಯೂಟರು ಎರಡು ಗಂಟೆ ಯಾರಿಗೂ ಇಲ್ಲದೆ ಗುಂಯ್‌ಗುಟ್ಟಿತೋ ಏನೋ. ಇಲ್ಲಿ ತೀರ್ಪು ಬೇಗ ಬಂತು. ಕಾಗದದಲ್ಲಿ ಕಾಣುವ ಹಳ್ಳದ ಕಡೆ, ದಾರಿಯ ಕಡೆ ಆಕೆಗೆ. ಕಾಣದ ಪಶ್ಚಿಮ, ಉತ್ತರದ ಕಡೆ ಕಾಡಿಗೆ. ಗುರುಸಿದ್ದಯ್ಯ ಸಾಹೇಬರ ಎದುರು ನಿಂತು, ತಾನು ಕೊಟ್ಟಿಗೆಗೆ ಹೊತ್ತಾಗ ಹಾಳೆ ಇಡಿಯಾಗಿತ್ತು ಎಂದರು. ಯಾರೂ ಬರೆದುಕೊಳ್ಳಲಿಲ್ಲ.

ಪುಟ್ಟಮಾದಮ್ಮ ಅಂದೇ ಬಸ್ಸು ಹಿಡಿದು ಹೊತ್ತು ಮುಳುಗುವ ಮೊದಲೇ ಹೊಲ ಸೇರಿದಳು. ಮೇಷ್ಟ್ರು ಅಟ್ಟಣೆಯ ಮೇಲೆ ಕೂತು ಪಶ್ಚಿಮದ ಕಡೆಗೇ ಕಣ್ಣಿಟ್ಟು ಬಡಿಯುತ್ತಿದ್ದರು. ಈ ಸಲ ಒಂದು ತೆನೆಯೂ ಹೋಗಿರಲಿಲ್ಲ. ಆಕೆ ಕೆಳಗೆ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಇಳೀರಿ ಸಾ," ಅಂದಳು. "ಆ ಕಡೇದ ಇನ್ಮ್ಯಾಕೆ ಕಾಯಂಗಿಲ್ಲ."