ಬಾಯಿ ತೆರೆದವರ ಬೆಂಬಲ

ಹಲ್ಲಿನ ಡಾಕ್ಟರನ್ನು ನಾನು ಮೊದಲು ಕಂಡದ್ದು ಉಳಿದಿದ್ದ ಮೂರು ಹಲ್ಲು ಕೀಳಿಸಲು ಹೋದ ದಿನ. ನನ್ನ ಬಾಯಿಗೆ ಹತ್ತಿ ತುರುಕಿದವರೇ, ಮೂವತ್ತು ವರ್ಷದಿಂದ ಟಿವಿಯಲ್ಲಿ ಬರುತ್ತಿರುವ ಆಕಾಶನೌಕೆಯ ಧಾರಾವಾಹಿಯ ಮಾತು ತೆಗೆದರು. ನಾನು ಅದನ್ನು ನೋಡಿದವಳಲ್ಲ. ಅದರ ಐವರು ಕ್ಯಾಪ್ಟನ್‌ಗಳಲ್ಲಿ ನಾಲ್ಕನೆಯವನೇ ಶ್ರೇಷ್ಠ ಎಂಬುದು ಅವರ ವಾದ. ಗುಂಡು ಹಾರಿಸುವ ಮೊದಲು ಶತ್ರುವನ್ನು "ಹಾರಿಸಲಾ?" ಎಂದು ಕೇಳಿ ಕೇಳಿ ಒಂಬತ್ತು ಗ್ರಹ ಕಳೆದುಕೊಂಡ ಅವನನ್ನು ಬೇರೆ ಯಾರೂ ಮೆಚ್ಚುವುದಿಲ್ಲವಂತೆ. "ನೀವು ಒಪ್ತೀರಲ್ಲಮ್ಮ?" ಎನ್ನುವರು. ಬಾಯಿ ತೆರೆದು ಕೂತವರು "ಆ" ಎನ್ನದೆ ಇನ್ನೇನು ಅಂದಾರು? ತಕ್ಷಣ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಬೀಳುವುದು. ನನ್ನದು ಇನ್ನೂರ ಹದಿಮೂರನೆಯದು. ಹೊರಗೆ ಚೀಟಿ ಬರೆಯುವ ಅವರ ತಂಗಿ ಮೊದಲ ಕ್ಯಾಪ್ಟನ್ನಿನ ಕಡೆಯವಳು. "ಅಣ್ಣಾ, ಬಾಯಿ ಮುಚ್ಚಿದ ಮೇಲೆ ಕೇಳು. ಒಬ್ಬರು ಹೂಂ ಅಂದ್ರೂ ನಾನು ಸೋತೆ," ಎಂದು ಬಾಗಿಲಿಂದಲೇ ಚುಚ್ಚುವಳು. ಡಾಕ್ಟರಿಗೆ ಅಷ್ಟು ಧೈರ್ಯವಿರಲಿಲ್ಲ. ನಾವು ಬಾಯಿ ಮುಚ್ಚುವುದರೊಳಗೆ ಮುಂದಿನವರನ್ನು ಕರೆದುಬಿಡುತ್ತಿದ್ದರು. ಆದರೆ ಹಲ್ಲು ಕೀಳುವ ಹೊತ್ತಿಗೆ "ಎಳೀಲಾ ಅಮ್ಮ? ಎಳೀಲಾ?" ಎಂದು ಬೆವರಿದರು, ಎಳೆಯುವಾಗ ನೋವು ತಮಗೇ ಎಂಬಂತೆ ಕಣ್ಣು ಮುಚ್ಚಿಕೊಂಡರು. ಗಾಯ ಮಾಯ್ದ ಮೇಲೆ ಹೊಸ ಹಲ್ಲಿನ ಸೆಟ್ಟು ಕೂರಿಸಿ, ಕಚ್ಚಿಸಿ, ಕನ್ನಡಿ ತೋರಿಸಿದರು. ಆ ದಿನ ಮುಂದಿನವರನ್ನು ಕರೆಯಲಿಲ್ಲ. ತಂಗಿಗೂ ಕೇಳಿಸಲೆಂದು ಬಾಗಿಲು ಪೂರ್ತಿ ತೆರೆದಿಟ್ಟು, ಕೈ ಒರೆಸಿಕೊಂಡು ಕೇಳಿದರು: "ಈಗ ಬಾಯಿಗೆ ಏನೂ ಅಡ್ಡ ಇಲ್ಲ. ನಿಜ ಹೇಳಿ ಅಮ್ಮ, ಹಾರಿಸೋ ಮೊದಲು ಹಾಗೆ ಕೇಳೋದು ತಪ್ಪಾ?"